ನಾನು ಹಾಕದ ಕೂ

ಇದನ್ನು ನಂಬದೆ ಕೊನೆಯವರೆಗೆ ಓದಿ ನೋಡೋಣ. ನಿಮ್ಮಿಂದ ಆಗುವುದಿಲ್ಲ ಎಂದು ನಾನು ಪಂಥ ಕಟ್ಟುತ್ತೇನೆ. ನಮ್ಮ ಊರಿನವರು ಒಬ್ಬರೂ ನಂಬಲಿಲ್ಲ, ಅದು ಬೇರೆ ಮಾತು. ಅವರಿಗೆ ನನ್ನ ಪರಿಚಯ ಇದೆ. ನಿಮಗಿಲ್ಲ. ಅದಕ್ಕೇ ನಿಮ್ಮನ್ನು ಹಿಡಿದು ಕೂರಿಸಿಕೊಂಡಿದ್ದೇನೆ.

ದೆವ್ವ, ಪೀಡೆ, ಗಾಳಿ ಸೋಕು, ಇಂಥದ್ದರಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಇರುವುದಾದರೂ ಹೇಗೆ? ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ಈ ದಾರಿಯಲ್ಲಿ ಅರ್ಧ ದೆವ್ವಗಳು ನಾನೇ. ಒಂದು ತಿರುವಿನಲ್ಲಿ ಬಿಳಿ ಸೀರೆಯವಳು ನಿಲ್ಲುತ್ತಾಳೆಂದು ಜೀಪಿನವರು ಇವತ್ತಿಗೂ ಹಾರನ್ ಹೊಡೆದೇ ದಾಟುತ್ತಾರೆ. ಅವಳು ನನ್ನ ಮದುವೆಯ ಪಂಚೆ. ಇನ್ನೊಮ್ಮೆ ನಾನು ಸತ್ತೆನೆಂದು ನಾನೇ ಸುದ್ದಿ ಕಳಿಸಿ, ಹಾರ ಹಿಡಿದುಕೊಂಡು ಬಂದವರಿಗೆಲ್ಲ ಬಾಗಿಲಲ್ಲಿ ನಿಂತು ಕಾಫಿ ಕೊಟ್ಟಿದ್ದೆ. ಸಕ್ಕರೆ ಡಬ್ಬ ಖಾಲಿಯಾಯಿತೆಂದು ನನ್ನ ಹೆಂಡತಿ ಬೈದಳೇ ಹೊರತು, ಗಂಡ ಬದುಕಿದ್ದಾನೆಂದು ಸಂತೋಷ ಪಡಲಿಲ್ಲ.

ನನ್ನ ಹೆಸರು ಹಬ್ಬಿದ್ದು ಇನ್ನೊಂದು ಕಾರಣಕ್ಕೆ. ಅದು ಕೂ ಹಾಕುವುದು. ಬಯಲುಸೀಮೆಯವರಿಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡವೋ ಹಳ್ಳವೋ ಇರುತ್ತದೆ. ಎಲ್ಲರ ಜೇಬಿನಲ್ಲೂ ಫೋನಿದೆ, ಸಿಗ್ನಲ್ ಯಾರ ಜೇಬಿನಲ್ಲೂ ಇಲ್ಲ. ಹಾಗಾಗಿ ಎರಡು ಕೈ ಬಾಯಿಗೆ ಅಡ್ಡ ಹಿಡಿದು 'ಕೂ' ಎಂದು ಎಳೆದು ಕೂಗುತ್ತೇವೆ. ಕೇಳಿದವರು ಇದ್ದಲ್ಲೇ ನಿಂತು ತಿರುಗಿ ಕೂ ಹಾಕಬೇಕು. ಒಬ್ಬೊಬ್ಬರದು ಒಂದೊಂದು ಥರ. ನನ್ನದು ಉದ್ದಕ್ಕೆ ಹೋಗಿ, ಕೊನೆಯಲ್ಲಿ ಎರಡು ಸಲ ಮುರಿದು ಮೇಲಕ್ಕೆ ಏರುತ್ತದೆ. ಅದನ್ನು ಹಾಗೇ ಹಾಕುವವರು ಈ ಸುತ್ತಿನಲ್ಲಿ ಯಾರೂ ಹುಟ್ಟಿಲ್ಲ. ನಾನು ಮಾತ್ರ ಎಲ್ಲರದನ್ನೂ ಹಾಕಬಲ್ಲೆ. ಪಕ್ಕದ ಮನೆಯ ಮಂಜಣ್ಣನ ಥರ ಕೂ ಹಾಕಿ, ಅವನ ತೋಟದ ಆಳುಗಳನ್ನು ಹೊತ್ತಿಗೆ ಮೊದಲೇ ಮನೆಗೆ ಕಳಿಸಿದ್ದೂ ಉಂಟು.

ಈಗ ನಡೆದದ್ದು ಹೇಳುತ್ತೇನೆ. ಕೆಲವು ವರ್ಷಗಳ ಹಿಂದಿನ ಆಶ್ಲೇಷಾ ಮಳೆ. ನಮ್ಮ ಮುಂದಿನ ರಸ್ತೆ ಮೇಲೊಂದು ಕಡೆ, ಕೆಳಗೊಂದು ಕಡೆ ಕುಸಿಯಿತು. ನಡುವೆ ಒಂದು ವ್ಯಾನು, ಎರಡು ಕಾರು, ಕಳಸದ ಸಂತೆಗೆ ಹೊರಟಿದ್ದ ತರಕಾರಿ ಗಾಡಿ, ಇಷ್ಟು ಸಿಕ್ಕಿಬಿದ್ದವು. ಅತ್ತ ಹೋಗುವಂತಿಲ್ಲ, ಇತ್ತ ಬರುವಂತಿಲ್ಲ. ಸುದ್ದಿ ತಿಳಿದಿದ್ದೇ ನಾವು ಅಕ್ಕಪಕ್ಕದ ಮನೆಯವರೆಲ್ಲ ಟಾರ್ಪಾಲು, ಕಂಬಳಿ ಹಿಡಿದುಕೊಂಡು ರಸ್ತೆಗಿಳಿದೆವು. ಜನರನ್ನು ಹಂಚಿಕೊಳ್ಳುವಾಗ ಸಣ್ಣ ಜಗಳವೇ ಆಯಿತು. ಎಲ್ಲರಿಗೂ ತಮ್ಮ ಮನೆಗೇ ನೆಂಟರು ಬೇಕು.

"ಇವ್ರ ಮನೆಗೆ ಮಾತ್ರ ಹೋಗ್ಬೇಡಿ ಮಾರಾಯ್ರೆ. ಮಳೇಲಿ ಬದುಕಿದ್ರೂ ಇವ್ರ ಕಥೆ ಕೇಳಿ ಸಾಯ್ತೀರಿ" ಎಂದ ಮಂಜಣ್ಣ.

"ಅವನ ಮನೇಲಿ ಬರೀ ಗಂಜಿ. ನಮ್ಮನೇಲಿ ಗಂಜಿ ಜೊತೆ ಕಥೆ" ಎಂದೆ ನಾನು.

ವ್ಯಾನಿನವರು ನಕ್ಕು ನನ್ನ ಹಿಂದೆ ಬಂದರು. ತಿಪಟೂರಿನ ಕಡೆಯ ತೆಂಗಿನ ತೋಟದ ರಂಗಸ್ವಾಮಿ, ಅವನ ಹೆಂಡತಿ ಲತಾ, ಅವಳ ತಾಯಿ. ಹೊರನಾಡಿಗೆ ಹೊರಟಿದ್ದವರು. ರಸ್ತೆಯಿಂದ ನಮ್ಮ ಮನೆಗಳಿಗೆ ಬರಲು ಹಳ್ಳ ದಾಟಬೇಕು. ದಾಟಲು ಇದ್ದದ್ದು ಒಂದು ಕಾಲುಸಂಕ. ಎರಡು ಕಬ್ಬಿಣದ ಕಂಬಿ, ಮೇಲೆ ಹಲಗೆ, ಒಬ್ಬರ ಹಿಂದೆ ಒಬ್ಬರು ಹೋಗುವಷ್ಟು ಅಗಲ. ಅಜ್ಜಿಯನ್ನು ಮಂಜಣ್ಣನೇ ಬೆನ್ನ ಮೇಲೆ ಹೊತ್ತು ದಾಟಿಸಿದ.

ಬಂದವರಿಗೆ ಮೊದಲು ಹಂಡೆಯ ಬಿಸಿನೀರು, ಆಮೇಲೆ ಕಾಫಿ. ರಂಗಸ್ವಾಮಿಗೆ ನನ್ನ ಅಂಗಿ ಕೊಟ್ಟೆ. ಆಳು ದೊಡ್ಡವನು, ಗುಂಡಿ ಒಂದೂ ಮುಟ್ಟಲಿಲ್ಲ. ಮಂಜಣ್ಣನ ಪಾಲಿಗೆ ತರಕಾರಿ ಗಾಡಿಯ ಡ್ರೈವರ್ ಬಂದಿದ್ದ. ಆ ಪುಣ್ಯಾತ್ಮ, ಸರಕು ಕೊಳೆತು ಹೋಗುವ ಬದಲು ಜನ ತಿನ್ನಲಿ ಎಂದು ಎಲ್ಲ ಮನೆಗೂ ಎಲೆಕೋಸು ಹಂಚಿಬಿಟ್ಟ. ಬೆಳಿಗ್ಗೆ ಕೋಸು, ಮಧ್ಯಾಹ್ನ ಕೋಸು, ರಾತ್ರಿ ಕೋಸು.

ಎರಡು ದಿನ ನಾನು ಬಾಯಿ ಮುಚ್ಚಲಿಲ್ಲ. ಹೊಸ ಕಿವಿಗಳು ಸಿಕ್ಕಿದ್ದವು, ಬಿಡುತ್ತೇನೆಯೇ? ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ ಸುಳ್ಳು ಹೇಳುವವರನ್ನು ಮಾತ್ರ ಕಚ್ಚುತ್ತದೆ ಎಂದೆ. ಲತಾ ಬಗ್ಗಿ ನನ್ನ ಕಾಲು ನೋಡಿ, "ಅದಕ್ಕೇ ನಿಮ್ಗೇ ಜಾಸ್ತಿ ಹತ್ಕೊಂಡವೆ ತಾತ" ಎಂದಳು. ಅವರಿಗೆಲ್ಲ ಕೂ ಹಾಕಿ ತೋರಿಸಿದೆ. ಕೂ ಕೇಳಿದರೆ ಇದ್ದಲ್ಲೇ ನಿಲ್ಲಬೇಕು, ಯಾರೆಂದು ನೋಡಿ ಉತ್ತರ ಕೊಡಬೇಕು, ಇಲ್ಲದಿದ್ದರೆ ಮಲೆನಾಡಿನಲ್ಲಿ ಮರ್ಯಾದೆ ಅಲ್ಲ ಎಂದು ರಂಗಸ್ವಾಮಿಗೆ ಪಾಠ ಮಾಡಿದೆ. ಅವನು ಹಾಕಿದ ಕೂ ಕೇಳಿ ನಮ್ಮ ಎಮ್ಮೆ ಎದ್ದು ನಿಂತಿತು.

ಮೂರನೆಯ ದಿನ ಬೆಳಿಗ್ಗೆ ಎದ್ದರೆ ನನಗೆ ಸ್ವರವೇ ಇಲ್ಲ. ಥಂಡಿಯೂ ಹಿಡಿದಿತ್ತು, ಅತಿಯಾಗಿ ಮಾತಾಡಿದ್ದೂ ಸೇರಿತ್ತು. ಬಾಯಿ ತೆರೆದರೆ ಪಂಕ್ಚರ್ ಆದ ಟ್ಯೂಬಿನ ಹಾಗೆ ಬರೀ ಗಾಳಿ. ನನ್ನ ಹೆಂಡತಿ ಗಂಟಲಿಗೆ ಟಾರ್ಚು ಬಿಟ್ಟು ನೋಡಿ, "ಕೆಂಪಗೆ ಊದಿದೆ. ಈ ಮಳೇಲಿ ದೇವರು ಇದೊಂದು ಒಳ್ಳೇದು ಮಾಡ್ದ" ಎಂದಳು. ನಾನು ಸೋಲುವವನಲ್ಲ. ಕೈಸನ್ನೆಯಲ್ಲೇ ನಾಟಕ ಶುರು ಮಾಡಿದೆ. ತೋಟಕ್ಕೆ ನುಗ್ಗಿದ ಕಾಟಿ ಎಂಬ ಕಾಡುಕೋಣ, ಅದನ್ನು ಕಂಡು ಓಡುವ ಮಂಜಣ್ಣ, ಬೇಲಿಗೆ ಸಿಕ್ಕಿಕೊಂಡ ಅವನ ಪಂಚೆ. ಲತಾ ಮತ್ತು ಅವಳ ತಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮಧ್ಯಾಹ್ನ ಊಟದ ಹೊತ್ತಿಗೆ ಅಡುಗೆಮನೆಯಲ್ಲಿ ನನ್ನ ಹೆಂಡತಿ ತನ್ನಷ್ಟಕ್ಕೇ, "ಕಾಯಿ ಮುಗೀತು. ನಾಳೆಯಿಂದ ಈ ಕೋಸಿಗೆ ಬರೀ ಒಗ್ಗರಣೆ" ಎಂದು ಗೊಣಗಿಕೊಂಡಳು. ಯಾರಿಗೂ ಹೇಳಿದ್ದಲ್ಲ. ಆದರೆ ಕೈ ತೊಳೆಯಲು ಹೋದ ರಂಗಸ್ವಾಮಿಯ ಕಿವಿಗೆ ಬಿದ್ದಿತ್ತು. ಮೂರು ದಿನದಿಂದ ಕೂತು ಉಂಡಿದ್ದು ಅವನಿಗೆ ಒಳಗೊಳಗೇ ಚುಚ್ಚುತ್ತಿತ್ತಂತೆ. ಹೊರನಾಡಿಗೆ ಒಪ್ಪಿಸಲೆಂದು ಸ್ವಂತ ಮರದ ಕಾಯಿ ಒಂದು ಮೂಟೆ ವ್ಯಾನಿನಲ್ಲೇ ಇತ್ತು. ಕೇಳಿದರೆ ನಾವು ಬಿಡುವುದಿಲ್ಲವೆಂದು, ಹೆಂಡತಿಗೂ ಹೇಳದೆ, ಜಗಲಿಯಲ್ಲಿದ್ದ ನನ್ನ ಛತ್ರಿ ತೆಗೆದುಕೊಂಡು ಇಳಿದಿದ್ದ. ಇದೆಲ್ಲ ಆಮೇಲೆ ತಿಳಿದದ್ದು.

ಊಟ ಮಾಡಿ ಒಂದು ನಿದ್ದೆ ತೆಗೆದು ನಾನು ಅಂಗಳಕ್ಕೆ ಬಂದೆ. ಮಂಜಣ್ಣ ಮತ್ತು ಉಳಿದ ಗಂಡಸರು ಮೇಲಿನ ದಾರಿಗೆ ಬಿದ್ದ ಮರ ಕಡಿಯಲು ಹೋಗಿದ್ದರು. ನನ್ನ ಹೆಂಡತಿ ಅಡುಗೆಮನೆಯಲ್ಲಿ, ಅಜ್ಜಿ ಒಲೆಯ ಮುಂದೆ. ಲತಾ ಜಗಲಿಯಲ್ಲಿ ಕೂತು ಮಳೆಯನ್ನು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದಳು, ಊರಿನವರಿಗೆ ತೋರಿಸಲು. ಅಷ್ಟರಲ್ಲಿ ಮಂಜು ಸ್ವಲ್ಪ ಸರಿಯಿತು. ನಮ್ಮ ಅಂಗಳದಿಂದ ಹಳ್ಳ, ಸಂಕ, ಎರಡೂ ಕಾಣುತ್ತವೆ.

ಕಂದು ನೀರು ಹಲಗೆಯನ್ನು ನೆಕ್ಕುತ್ತಿತ್ತು. ಆಚೆ ದಡದಲ್ಲಿ ಸಂಕಕ್ಕೆ ಆಸರೆಯಾಗಿದ್ದ ಕಲ್ಲುಕಟ್ಟಣೆ ಕೊಚ್ಚಿಹೋಗಿ, ಆ ತುದಿ ಗಾಳಿಯಲ್ಲಿ ಜೋತಾಡುತ್ತಿತ್ತು. ಈಚೆ, ಕಾಫಿ ಗಿಡಗಳ ನಡುವಿನ ದಾರಿಯಲ್ಲಿ, ತೇಪೆ ಹಾಕಿದ ನನ್ನ ಛತ್ರಿ ಇಳಿಯುತ್ತಿತ್ತು. ಅದರ ಕೆಳಗೆ ಗುಂಡಿ ಹಾಕದ ನನ್ನ ಅಂಗಿ. ಎದುರುಗಾಳಿಗೆ ಛತ್ರಿಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದ. ಅವನಿಗೆ ಏನೂ ಕಾಣುವಂತಿರಲಿಲ್ಲ.

ಕೂಗಿದೆ. ಗಾಳಿ ಬಂತು. ಮತ್ತೆ ಕೂಗಿದೆ. ಗಾಳಿಯೇ. ನನ್ನ ಮಂಡಿಗೆ ಆ ಜಾರಿನಲ್ಲಿ ಇಳಿಯಲು ಅರ್ಧ ಗಂಟೆ ಬೇಕು, ಅವನಿಗೆ ಸಂಕ ಮುಟ್ಟಲು ಅಷ್ಟು ಹೊತ್ತು ಬೇಡ. ಅಲ್ಲೇ ಇದ್ದ ತಗಡಿನ ಡಬ್ಬಕ್ಕೆ ಕೋಲಿನಿಂದ ಬಡಿದೆ. ಸೂರಿನ ಶೀಟಿನ ಮೇಲೆ ಬೀಳುವ ಮಳೆಯಲ್ಲಿ ಆ ಸದ್ದು ನನಗೇ ಕೇಳಲಿಲ್ಲ. ಓಡಿ ಲತಾಳ ಮುಂದೆ ನಿಂತು ಹಳ್ಳದ ಕಡೆ ಕೈ ತೋರಿಸಿದೆ, ಬಾಯಿ ತೋರಿಸಿದೆ, ಕೂಗು ಕೂಗು ಎಂದು ಎದೆ ಬಡಿದುಕೊಂಡೆ.

ಅವಳು ನಕ್ಕಳು. "ಅಮ್ಮಾ, ಬಾ ಇಲ್ಲಿ, ತಾತ ಮತ್ತೆ ಶುರು ಹಚ್ಕೊಂಡ್ರು! ಈ ಸಲ ಯಾರು ತಾತ, ಆನೆನಾ?"

ಜೀವಮಾನವಿಡೀ ಜನರನ್ನು ನಗಿಸಿದ್ದೇನೆ. ಆ ಒಂದು ನಗು ಮಾತ್ರ ನನಗೆ ಇನ್ನೂ ಕಿವಿಯಲ್ಲಿದೆ. ಕೈ ಹಿಡಿದು ಎಳೆದರೆ ಇನ್ನೂ ನಕ್ಕು ಕಂಬ ಹಿಡಿದುಕೊಂಡಳು. ಅವಳನ್ನು ಬಿಟ್ಟು ಅಂಗಳದ ಅಂಚಿಗೆ ಓಡಿದೆ. ಎರಡು ಕೈ ಬಾಯಿಗಿಟ್ಟೆ, ಕತ್ತಿನ ನರ ಹರಿಯುವಷ್ಟು ಎಳೆದೆ. ಏನೂ ಇಲ್ಲ. ಒಂದು ಮನುಷ್ಯ ಜೀವ ಕಣ್ಣೆದುರು ಹೋಗುತ್ತಿದೆ, ಈ ಸುತ್ತಿನಲ್ಲೇ ದೊಡ್ಡ ಗಂಟಲು ನನ್ನದು, ಅದರಲ್ಲಿ ಒಂದು ಸೊಳ್ಳೆಯಷ್ಟೂ ಸದ್ದಿಲ್ಲ.

ಆಗ ಕೂ ಕೇಳಿತು.

ನನ್ನ ಕೂ. ಉದ್ದಕ್ಕೆ ಹೋಗಿ, ಎರಡು ಸಲ ಮುರಿದು, ಮೇಲಕ್ಕೆ ಏರಿದ್ದು. ಬಂದದ್ದು ನನ್ನ ಬೆನ್ನ ಹಿಂದಿನಿಂದ, ಮನೆಯ ಸೂರು ದಾಟಿ. ಮಳೆಯ ಸದ್ದನ್ನೆಲ್ಲ ಸೀಳಿಕೊಂಡು ಕಣಿವೆಗೆ ಇಳಿಯಿತು. ಛತ್ರಿ ನಿಂತಿತು. ತಿರುಗಿತು. ರಂಗಸ್ವಾಮಿ ಮುಖ ಎತ್ತಿ ಮೇಲೆ ನೋಡಿದ, ಉತ್ತರ ಕೊಡಲು ಬಾಯಿಗೆ ಕೈ ಇಟ್ಟ. ಅಷ್ಟರಲ್ಲಿ ಅವನ ಬೆನ್ನ ಹಿಂದೆ ಸಂಕ ಮಗುಚಿಕೊಂಡು ನೀರಿಗೆ ಹೋಯಿತು. ಇಷ್ಟನ್ನೂ ನಾನು ಕಣ್ಣಾರೆ ಕಂಡೆ.

ಅವನು ಓಡಿ ಮೇಲೆ ಬಂದು, ಕೆಸರು ಕೈಯಲ್ಲೇ ನನ್ನ ಕೈ ಹಿಡಿದು ಅತ್ತ. "ಯಜಮಾನ್ರೇ, ನೀವು ಕೂಗ್ದೆ ಇದ್ದಿದ್ರೆ ಇನ್ನೊಂದು ಹೆಜ್ಜೆ ಇಟ್ಬಿಡ್ತಿದ್ದೆ" ಎಂದ. ನಾನಲ್ಲ ಎಂದು ತಲೆ ಅಲ್ಲಾಡಿಸಿದೆ, ಗಂಟಲು ತೋರಿಸಿದೆ. ಲತಾ ವಿಡಿಯೋ ತೋರಿಸಿದಳು. ಅದರಲ್ಲಿ ಅವಳ ನಗು ಇದೆ, ಮಳೆ ಇದೆ, ಅಂಗಳದ ಅಂಚಿನಲ್ಲಿ ಬಾಯಿಗೆ ಎರಡು ಕೈ ಇಟ್ಟು ನಿಂತ ನನ್ನ ಬೆನ್ನು ಇದೆ. ಸ್ಪಷ್ಟವಾಗಿ ಆ ಕೂ ಇದೆ. ಇನ್ನೇನು ಸಾಕ್ಷಿ ಬೇಕು?

ಸಂಜೆ ಮಂಜಣ್ಣ ಅದನ್ನು ನೋಡಿ ನನ್ನ ಬೆನ್ನು ತಟ್ಟಿದ. "ಸ್ವರ ಹೋಯ್ತು ಅಂತ ಬೆಳಿಗ್ಗೆಯಿಂದ ಎಂತ ನಾಟಕ ಮಾರಾಯ್ರೆ! ಇರ್ಲಿ, ನಿಮ್ಮ ಸುಳ್ಳು ಕಂಠ ಒಂದ್ಸಲಕ್ಕಾದ್ರೂ ಒಳ್ಳೇದಕ್ಕೆ ಬಂತಲ್ಲ." ನಾನು ಅಲ್ಲ ಅಲ್ಲ ಎಂದು ಕೈ ಆಡಿಸಿದಷ್ಟೂ ಎಲ್ಲರಿಗೂ ನಗು. ವಾದ ಮಾಡಲು ಬಾಯಿಯಾದರೂ ಬೇಕಲ್ಲ.

ಎಲ್ಲರೂ ಮಲಗಲು ಎದ್ದ ಮೇಲೆ ನನ್ನ ಹೆಂಡತಿ ಬಿಸಿ ಉಪ್ಪುನೀರು ತಂದಿಟ್ಟಳು. "ಬೆಳಿಗ್ಗೆ ಟಾರ್ಚ್ ಬಿಟ್ಟು ನೋಡಿದ್ದು ನಾನಲ್ವಾ" ಎಂದಳು. "ಆ ಗಂಟಲಲ್ಲಿ ಹಾಗೆ ಕೂಗೋಕೆ ಆಗಲ್ಲ. ಅದೂ ಅಲ್ದೆ ನಂಗೆ ಕೇಳಿದ್ದು ಹಿತ್ತಲಿನ ಕಡೆಯಿಂದ. ಇವ್ರು ಯಾವಾಗ ಅಲ್ಲಿಗೆ ಹೋದ್ರು ಅಂದ್ಕೊಂಡೆ." ಲೋಟವನ್ನು ನನ್ನ ಕಡೆ ಸರಿಸಿ, "ಬಾಯಿ ಮುಕ್ಕಳಿಸಿ ಮಲಗಿ" ಎಂದಳು. ಅಷ್ಟೇ.

ಹಿತ್ತಲಿನ ಹಿಂದೆ ಬರೀ ಬಂಡೆ, ಕಾಡು. ಮನೆಯಿಲ್ಲ, ದಾರಿಯಿಲ್ಲ. ನನಗೆ ಸ್ವರ ತಿರುಗಿ ಬರಲು ಇನ್ನೂ ಒಂದು ವಾರ ಹಿಡಿಯಿತು. ಬಂದ ಮೇಲೆ ಮೂಡಿಗೆರೆಯಲ್ಲಿ ಡಾಕ್ಟರನ್ನು ಕೇಳಿದೆ. ಗಾಬರಿಯಲ್ಲಿ ಒಂದು ಕ್ಷಣ ಸ್ವರ ಬಂದರೂ ಬರಬಹುದು, ಕೂಗಿದವರಿಗೇ ಅದು ಗೊತ್ತಾಗದೆಯೂ ಇರಬಹುದು, ಖಂಡಿತ ಹೀಗೇ ಎಂದು ಹೇಳಲಾಗುವುದಿಲ್ಲ ಎಂದರು. ಹಾಗಿದ್ದರೆ ಅದು ಬೆನ್ನ ಹಿಂದಿನಿಂದ ಕೇಳಿದ್ದು ಹೇಗೆ ಎಂದು ಕೇಳಿದೆ. ಅವರು ಮಾತ್ರೆ ಬರೆದರು. ಮಳೆ ನಿಂತ ಮೇಲೆ ಕಷ್ಟಪಟ್ಟು ಹಿಂದಿನ ಬಂಡೆ ಹತ್ತಿದೆ. ಅಲ್ಲಿ ಕಾಟಿಯ ಸಗಣಿ ಬಿಟ್ಟು ಏನೂ ಇರಲಿಲ್ಲ. ಅಲ್ಲಿಂದಲೇ ಒಂದು ಕೂ ಹಾಕಿ, ಇಳಿದು ಬಂದು ಹೇಗಿತ್ತೆಂದು ಹೆಂಡತಿಯನ್ನು ಕೇಳಿದೆ. "ಆವತ್ತಿನದು ಇನ್ನೂ ಚೆನ್ನಾಗಿತ್ತು" ಎಂದಳು.

ರಂಗಸ್ವಾಮಿ ಈಗಲೂ ಪ್ರತಿ ವರ್ಷ ಬರುತ್ತಾನೆ, ಕಾಯಿ ಇಳಿಸಿ ಕಾಲಿಗೆ ಬೀಳುತ್ತಾನೆ. ಕೂಗಿದ್ದು ನಾನಲ್ಲಪ್ಪ ಎಂದರೆ, "ನಿಮ್ಮ ದೊಡ್ಡ ಗುಣ" ಎನ್ನುತ್ತಾನೆ. ಮಾಡಿದ ಕಿತಾಪತಿಯನ್ನೆಲ್ಲ ನಾನಲ್ಲ ಎಂದು ಸಾಧಿಸಿ ಗೆದ್ದವನು ನಾನು. ಮಾಡದ ಇದೊಂದನ್ನು ನಾನಲ್ಲ ಎಂದು ಒಪ್ಪಿಸಲು ನನ್ನಿಂದ ಆಗಿಲ್ಲ. ಯಾರು ಕೂಗಿದರು? ನನಗೆ ಗೊತ್ತಿಲ್ಲ.

ಇಷ್ಟು ಹೇಳಿದ್ದರಲ್ಲಿ ಒಂದೇ ಒಂದು ಸಂಗತಿ ನಾನು ಕಟ್ಟಿದ್ದು, ಅದನ್ನೂ ಹೇಳಿಬಿಡುತ್ತೇನೆ. ಛತ್ರಿ ತಿರುಗಿದ್ದು, ಸಂಕ ಮಗುಚಿದ್ದು, ಕಣ್ಣಾರೆ ಕಂಡೆ ಎಂದೆನಲ್ಲ. ಕಂಡಿಲ್ಲ. ಅದೆಲ್ಲ ರಂಗಸ್ವಾಮಿ ಆಮೇಲೆ ಹೇಳಿದ್ದು. ಸ್ವರ ಬರುವುದಿಲ್ಲ ಎಂದು ಖಾತ್ರಿಯಾದ ಕೂಡಲೇ ನಾನು ಕಣ್ಣು ಮುಚ್ಚಿಕೊಂಡಿದ್ದೆ. ವಿಡಿಯೋದಲ್ಲಿ ಬೆನ್ನು ಮಾತ್ರ ಕಾಣುವುದರಿಂದ ಯಾರಿಗೂ ತಿಳಿಯಲಿಲ್ಲ. ಕೂ ಕೇಳಿದ ಮೇಲೂ ತೆರೆಯಲಿಲ್ಲ. ಲತಾ ಕಿರುಚಿಕೊಂಡು ನನ್ನ ಪಕ್ಕದಿಂದ ಇಳಿದು ಓಡಿದಾಗಲೂ ತೆರೆಯಲಿಲ್ಲ. ಕೆಸರಾದ ಕೈಯೊಂದು ಬಂದು ನನ್ನ ಕೈ ಹಿಡಿಯಿತು. ಆ ಕೈ ಬೆಚ್ಚಗಿತ್ತು. ಆಗ ತೆರೆದೆ.