ಗೋಡೆಯೊಳಗಿನ ಇಪ್ಪತ್ಮೂರು ವೋಲ್ಟ್

"ಹೀಟರ್ ಆರಿಸ್ಬೇಡಿ ಮೇಡಂ. ಅದು ದುಡಿಯೋವಾಗಲೇ ನಾಡಿ ಹಿಡೀಬೇಕು," ಎನ್ನುತ್ತ ಆಕೆ ಸ್ಟೂಲಿನ ಮೇಲೆ ನಿಂತು ಮೀಟರಿನ ಎರಡು ಕಡ್ಡಿಗಳನ್ನು ಹೀಟರಿನ ತಿರುಪುಗಳಿಗೆ ಮುಟ್ಟಿಸುತ್ತಾರೆ. ಇನ್ನೂರ ಏಳು ವೋಲ್ಟ್. ತಂತಿಯನ್ನು ಕಚ್ಚಿಕೊಂಡಿರುವ ಇನ್ನೊಂದು ಮೀಟರಿನಲ್ಲಿ ಒಂಬತ್ತು ಆಂಪಿಯರ್.

ಬೆಳಗಿನ ಆರೂವರೆ. ಇದು ಶಿಶುವಿಹಾರದ ಬಚ್ಚಲು. ಎಂಟಕ್ಕೆ ಹತ್ತೊಂಬತ್ತು ಮಕ್ಕಳು ಬರುತ್ತವೆ, ಹತ್ತಕ್ಕೆ ಪರವಾನಗಿ ನವೀಕರಿಸುವ ಅಧಿಕಾರಿ. 'ವೈರಿಂಗ್ ಸುರಕ್ಷಿತ' ಎಂಬ ಚೀಟಿ ಅಷ್ಟರಲ್ಲಿ ಸಿದ್ಧವಿರಬೇಕು. ಅದಕ್ಕೆ ಬೇಕಿರುವುದು ಈಕೆಯ ಸಹಿ.

ಬೀದಿಯವರಿಗೆ ಇವರು ಭಾಗಾಕಾರದಕ್ಕ. ವಯಸ್ಸು ಐವತ್ತೆರಡು, ವೈರಿಂಗ್ ಕಸುಬಿಗೆ ಇಪ್ಪತ್ತಾರು. ಕಸುಬು ಕಲಿಸಿದ್ದು ಸೋದರಮಾವ. "ಸ್ಕ್ರೂಡ್ರೈವರ್ ಮುಟ್ಟೋಕೆ ಬಿಡ್ಲಿಲ್ಲ ಪುಣ್ಯಾತ್ಮ. ಮೂರು ತಿಂಗಳು ಬರೀ ಲೆಕ್ಕ. ವೋಲ್ಟನ್ನ ಆಂಪಿಯರಿಂದ ಭಾಗಿಸಿದ್ರೆ ತಡೆ, ಗುಣಿಸಿದ್ರೆ ವ್ಯಾಟು. ಇಷ್ಟಕ್ಕೆ ಮೂರು ತಿಂಗಳಾ ಅಂತ ಬೈಕೊಂಡೆ."

ಬೈದುಕೊಂಡವರೇ ಮುಂದೆ ಎಡವಿದ್ದೂ ಉಂಟು. ಒಂದು ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಇಸ್ತ್ರಿ ಆರಿಸಿ ಅಳೆದರು. ವೋಲ್ಟ್ ತುಂಬಿ ತುಳುಕುತ್ತಿತ್ತು, ಸರಿಯಿದೆ ಎಂದು ಹೊರಟರು. ವಾರದೊಳಗೆ ಬೋರ್ಡು ಸುಟ್ಟು ದರ್ಜಿಯ ಬಲಗೈ ಬೆಂದಿತು. ತಂತಿಯಲ್ಲಿ ಕರೆಂಟು ಹರಿಯದಿದ್ದರೆ ಕೊಳೆತ ಜೋಡಣೆಯೂ ಸಾಧುವಿನಂತೆ ಕೂತಿರುತ್ತದೆ. ಇವರಿಗಿಂತ ಮೊದಲು ಈ ಹೀಟರ್ ನೋಡಿ ಹೋದ ಇಬ್ಬರು ರಿಪೇರಿಯವರೂ ಹಾಗೆಯೇ ಆರಿಸಿ ಅಳೆದಿದ್ದಾರೆ. ನೀರು ಬೇಗ ಕಾಯುತ್ತಿಲ್ಲವೆಂದು ಒಬ್ಬ ಹೀಟರಿನೊಳಗಿನ ಸುರುಳಿಯನ್ನೂ ಬದಲಾಯಿಸಿದ್ದಾನೆ.

ಅಕ್ಕ ಮುಡಿಯಿಂದ ಪೆನ್ಸಿಲ್ ಎಳೆದು ಬಿಳಿ ಟೈಲಿನ ಮೇಲೆ ಬರೆಯುತ್ತಾರೆ. ಇನ್ನೂರ ಏಳನ್ನು ಒಂಬತ್ತರಿಂದ ಭಾಗಿಸಿದರೆ ಇಪ್ಪತ್ಮೂರು ಓಮ್ ತಡೆ, ಇಂಥ ಹೀಟರಿಗೆ ಇರಬೇಕಾದಷ್ಟೇ. ಹೀಟರ್ ಗಟ್ಟಿಯಾಗಿದೆ. ಆದರೆ ಹೀಟರ್ ಉರಿಯುತ್ತಿರುವಾಗಲೇ ಹಜಾರದ ಮುಖ್ಯ ಬೋರ್ಡಿನಲ್ಲಿ ಅಳೆದರೆ ಇನ್ನೂರ ಮೂವತ್ತು ವೋಲ್ಟಿದೆ.

"ದಾರೀಲಿ ಇಪ್ಪತ್ಮೂರು ವೋಲ್ಟ್ ಕಳೆದೋಗಿದೆ. ಒಂಬತ್ತರಿಂದ ಗುಣಿಸಿ, ಇನ್ನೂರ ಏಳು ವ್ಯಾಟು. ನೂರು ವ್ಯಾಟಿನ ಹಳೇ ಬಲ್ಬ್ ಎರಡು ಗೋಡೇಲಿ ಹೂತು ಉರಿಸಿದ ಹಾಗೆ."

"ಯಾವ ಗೋಡೆ?" ಶಿಶುವಿಹಾರ ನಡೆಸುವ ಮೇಡಂ ಕೇಳುತ್ತಾರೆ.

ಅಕ್ಕ ಪಕ್ಕದ ಕೋಣೆಗೆ ನಡೆದು ಅಂಗೈಯಿಂದ ಗೋಡೆ ಸವರುತ್ತ ಹೋಗುತ್ತಾರೆ. ಒಂದು ಕಡೆ ಕೈ ನಿಲ್ಲುತ್ತದೆ. ಬಣ್ಣದ ಕೆಳಗೆ ಗಾರೆ ಜ್ವರ ಬಂದವರ ಹಣೆಯಂತೆ ಬಿಸಿಯಾಗಿದೆ. ಅದರ ಬುಡದಲ್ಲೇ ಮಕ್ಕಳು ಮಧ್ಯಾಹ್ನ ಮಲಗುವ ಹಾಸಿಗೆಗಳ ರಾಶಿ.

"ಬರೋ ರಜೇಲಿ ಗೋಡೆ ಒಡೆಸಿ ಸರಿ ಮಾಡಿಸ್ತೀನಿ ಅಕ್ಕ, ಆಣೆ," ಎನ್ನುವಾಗ ಮೇಡಂ ದನಿ ಕುಗ್ಗುತ್ತದೆ. "ಇವತ್ತು ಬಾಗಿಲು ಹಾಕಿದ್ರೆ ಹತ್ತೊಂಬತ್ತು ತಾಯಂದಿರು ಕೆಲಸಕ್ಕೆ ಹೋಗೋದು ಹೇಗೆ? ನೀವೇ ಹೇಳಿ."

"ಅದು ಕಷ್ಟಾನೇ."

"ನಮ್ಮ ಮೂರೂ ಶಾಖೆಯ ಕೆಲಸ ಇನ್ಮೇಲೆ ನಿಮ್ಮದೇ. ಬರೆದು ಕೊಡ್ತೀನಿ."

ಅಕ್ಕನ ಮಂಡಿಗಳು ಈಗೀಗ ಏಣಿ ಕಂಡರೆ ಮುನಿಯುತ್ತವೆ. ಸಹಿ ಹಾಕಿದರೆ ದಿನಕ್ಕೆ ಆರು ಮನೆಯ ಮಹಡಿ ಹತ್ತಿಳಿಯುವುದು ತಪ್ಪಿ, ಗೊತ್ತಾದ ಮೂರು ಕಟ್ಟಡಗಳಲ್ಲೇ ವರ್ಷವಿಡೀ ಕೆಲಸ. ಮನೆಯಲ್ಲಿ ತಂಗಿ ಎರಡು ವರ್ಷದಿಂದ ಇದನ್ನೇ ಜಪಿಸುತ್ತಿದ್ದಾಳೆ. ಅಕ್ಕ ಚೀಟಿ ತೆಗೆದುಕೊಂಡು ಪೂರ್ತಿ ಓದುತ್ತಾರೆ. ಮೇಡಂ ಪೆನ್ನಿನ ಮುಚ್ಚಳ ಬಿಚ್ಚಿ ಮುಂದೆ ಹಿಡಿಯುತ್ತಾರೆ.

"ಸಹಿ ಹಾಕಲ್ಲ," ಎನ್ನುತ್ತಾರೆ ಭಾಗಾಕಾರದಕ್ಕ.