ಹೂಂ ಅನ್ನುವ ಹುಡುಗಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವ್ವ ಇದ್ದಾಗ, "ನಿನ್ನ ಬಾಯಿಗೆ ಹೆದರೇ ಯಾರೂ ಮನಿಗೆ ಬರಂಗಿಲ್ಲ ನೋಡ" ಎನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಬೆಟಗೇರಿಯ ಮನೆಗೆ ಬೀಗ ಹಾಕಿ, ಮುಂಡರಗಿಯಿಂದ ಸಿಂಗಟಾಲೂರಿನ ಕಡೆ ಹೋಗುವಾಗ ಸಿಗುವ, ನಾನು ಕನ್ನಡ ಕಲಿಸುವ ಹೈಸ್ಕೂಲಿನ ಊರಿನಲ್ಲೇ ಎರಡು ಖೋಲಿಯ ಬಾಡಿಗೆ ಮನೆ ಹಿಡಿದೆ. ಶಾಲೆಯಲ್ಲಿ ಇಡೀ ದಿನ ಒದರುತ್ತಿದ್ದವಳು ಐದು ಗಂಟೆಗೆ ಮನೆ ಬಾಗಿಲು ತೆರೆದರೆ ಮುಂದೆ ಮಾತೇ ಇರುತ್ತಿರಲಿಲ್ಲ. ಕುಕ್ಕರಿನ ಸೀಟಿಯೊಂದೇ ಸಪ್ಪಳ. ಮದುವೆಯಾಗದಿದ್ದದ್ದಕ್ಕೆ ನನಗೆ ಎಂದೂ ದುಃಖವಿರಲಿಲ್ಲ, ಆದರೆ ಆ ಸಂಜೆಗಳು ಮಾತ್ರ ನನ್ನನ್ನು ತಿಂದುಹಾಕುತ್ತಿದ್ದವು.

ಜೂನ್‌ನಲ್ಲಿ ಎಂಟನೇ ತರಗತಿಗೆ ಹೊಸ ಮಕ್ಕಳು ಬಂದಾಗ ಒಬ್ಬೊಬ್ಬರನ್ನೂ ಎಬ್ಬಿಸಿ ಓದಿಸಿದೆ. ಎರಡು ಜಡೆಯ ಒಬ್ಬ ಹುಡುಗಿ ಎದ್ದು ನಿಂತು ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸಿ ಹೇಳತೊಡಗಿದಳು. ಪುಸ್ತಕದಲ್ಲಿ 'ಮರಳು' ಎಂದಿದ್ದರೆ ಇವಳ ಬಾಯಲ್ಲಿ 'ಮಳೆ'. ಒತ್ತಕ್ಷರ ಬಂದಲ್ಲಿ ನಿಂತೇಬಿಡುತ್ತಿದ್ದಳು.

"ಏಳ ವರ್ಷ ಶಾಲ್ಯಾಗ ಕತ್ತೆ ಕಾಯ್ದೀಯೇನ?" ಎಂದೆ. ತರಗತಿ ಹೋ ಎಂದು ನಕ್ಕಿತು. ಅವಳೂ ನಕ್ಕಳು. ಅವಳು ಅತ್ತಿದ್ದರೆ ನನಗೆ ಅಷ್ಟು ಕೆಡುಕೆನಿಸುತ್ತಿರಲಿಲ್ಲ.

ಆ ಸಂಜೆಯೇ ಅವಳ ಮನೆಗೆ ಹೋದೆ. ಅವಳ ತಾಯಿ ಅಂಗಳದಲ್ಲಿ ಉಳ್ಳಾಗಡ್ಡಿ ಹಸನು ಮಾಡುತ್ತಿದ್ದಳು. ದಿನಾ ಐದಕ್ಕೆ ಮಗಳನ್ನು ನನ್ನ ಮನೆಗೆ ಕಳಿಸು, ಓದು ಕಲಿಸುತ್ತೇನೆ ಎಂದೆ.

"ನಿಮ್ಮ ಕೈಯಾಗ ಹಾಕೇನ್ರಿ ಅಕ್ಕಾರ," ಎಂದಳು. ನಮ್ಮ ಕಡೆ ಶಾಲೆ ಕಲಿಸುವವಳು ಎಲ್ಲರಿಗೂ ಅಕ್ಕಾರೇ. "ಈ ವರ್ಷ ಓದಾಕ ಬರಲಿಲ್ಲಂದ್ರ ಅವರಪ್ಪ ಶಾಲಿ ಬಿಡಸ್ತಾನ್ರಿ. ಅಕ್ಷರ ಬಾರದಾಕಿ ಅಲ್ಲಿ ಕುಂತರೇನ, ಹೊಲದಾಗ ಕುಂತರೇನ ಅಂತಾನ."

ಹುಡುಗಿ ಬರತೊಡಗಿದಳು. ಮೊದಲ ಮೂರು ದಿನ ಒತ್ತಕ್ಷರ ಬರೆಸಿದೆ. ಅವಳು ಆಕಳಿಸಿದಳು, ನಾನೂ ಆಕಳಿಸಿದೆ. ನಾಲ್ಕನೆಯ ದಿನ ಬೇಸತ್ತು ಶಾಲೆಯ ಕಪಾಟಿನಿಂದ ತಂದ ಒಂದು ಕಥೆ ಪುಸ್ತಕ ತೆರೆದು ನಾನೇ ಓದಿದೆ. ಹುಡುಗಿ ಮೊಣಕಾಲಿಗೆ ಗದ್ದ ಊರಿ ಕುಳಿತು, "ಹೂಂ" ಎಂದಳು.

ನಮ್ಮಲ್ಲಿ ಕಥೆ ಕೇಳುವವರು ಹೂಂಗುಟ್ಟಲೇಬೇಕು. ಹೂಂ ನಿಂತರೆ ಹೇಳುವವರು ಕಥೆ ನಿಲ್ಲಿಸಿಬಿಡುತ್ತಾರೆ. ಈ ಹುಡುಗಿ ತನ್ನ ಅಜ್ಜಿಯ ಹತ್ತಿರ ಪಳಗಿದವಳು. ಎಲ್ಲಿ ಮೆಲ್ಲಗೆ ಹೂಂ, ಎಲ್ಲಿ "ಹೌದಾ!" ಅನ್ನಬೇಕು, ಎಲ್ಲಿ ಉಸಿರು ಹಿಡಿಯಬೇಕು, ಎಲ್ಲ ಗೊತ್ತಿತ್ತು. ಒಂದು ಸಾಲೂ ತಪ್ಪದಂತೆ ಕೇಳುತ್ತಿದ್ದಳು. ಇಷ್ಟು ಚೆಂದ ಹೂಂ ಅನ್ನುವವಳಿಗೆ ಓದೂ ಹತ್ತುತ್ತಿರಬೇಕು ಎಂದು ನಾನು ನಂಬಿಬಿಟ್ಟೆ. ಇಪ್ಪತ್ತು ವರ್ಷ ಕಲಿಸಿದವಳ ಬುದ್ಧಿ ನೋಡಿ! ಮಧ್ಯಾಹ್ನ ಮೂರಕ್ಕೇ ಗಡಿಯಾರ ನೋಡುವ ಚಟ ಹತ್ತಿತು. ರೊಟ್ಟಿ ಎರಡು ಹೆಚ್ಚಿಗೆ ಬಡಿಯತೊಡಗಿದೆ.

ದೀಪಾವಳಿಯ ಸುಮಾರಿಗೆ ಒಂದು ದಿನ ಅವಳೇ, "ಅಕ್ಕಾರ, ಇವತ್ತ ನಾ ಓದ್ಲ್ಯಾ?" ಎಂದಳು. ಪುಸ್ತಕ ಕೊಟ್ಟೆ. ಒಂದು ಸಾಲಿಗೆ ಎಷ್ಟು ಹೊತ್ತು! ನನ್ನ ಸಂಜೆ ಹಾಳಾಗುತ್ತಿದೆ ಎನಿಸಿತು.

"ಕೊಡಿಲ್ಲೆ, ಕಥಿ ಕೆಡತೈತಿ. ನಾ ಓದತೇನಿ, ನೀ ಹೂಂ ಅನ್ನು," ಎಂದು ಕಸಿದುಕೊಂಡೆ. ಅವಳು ಗದ್ದ ಊರಿ ಕುಳಿತಳು. ಮತ್ತೆಂದೂ ಕೇಳಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಹೆಡ್‌ಮಾಸ್ತರರು ಎಂಟನೇ ತರಗತಿಯ ಓದು ಪರೀಕ್ಷಿಸಲು ಬಂದರು. ಹುಡುಗಿ ಎದ್ದು ಪಾಠ ಸರಾಗವಾಗಿ ಓದಿದಳು. ನಾನು ಬೀಗಿದೆ. ಹೆಡ್‌ಮಾಸ್ತರರು ಹತ್ತಿರ ಹೋಗಿ ನೋಡಿದರೆ ಅವಳ ಪುಸ್ತಕದಲ್ಲಿ ತೆರೆದಿದ್ದ ಪುಟವೇ ಬೇರೆ. ನಾನು ತರಗತಿಯಲ್ಲಿ ಓದಿ ಹೇಳಿದ್ದನ್ನು ಬಾಯಿಪಾಠ ಒಪ್ಪಿಸುತ್ತಿದ್ದಳು. ಕಲಿಸದ ಪಾಠ ತೆಗೆಸಿದರು. ಮೂರು ಶಬ್ದ ದಾಟಲಿಲ್ಲ.

"ಏನ್ರಿ ಮೇಡಂ, ಇಷ್ಟ ತಿಂಗಳ ಮನ್ಯಾಗ ಕುಂಡ್ರಿಸ್ಕೊಂಡ ಏನ ಕಲಿಸಿದ್ರಿ ಇಕಿಗೆ?"

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ, "ಅಕ್ಕಾರದ ತಪ್ಪಿಲ್ರಿ ಸರ. ನನ್ನ ತಲೀನ ದಡ್ಡ ಐತ್ರಿ," ಎಂದಳು.

ನಾಚಿಕೆಯಿಂದ ಭೂಮಿಗಿಳಿದುಹೋದೆ. ದಡ್ಡತನ ಅವಳದಲ್ಲ, ಸ್ವಾರ್ಥ ನನ್ನದು. ಅವಳಿಗೆ ಓದು ಬಂದುಬಿಟ್ಟರೆ ಐದು ಗಂಟೆಗೆ ನನ್ನ ಬಾಗಿಲು ಯಾರೂ ತಟ್ಟುವುದಿಲ್ಲ ಎಂಬುದು ನನಗೆ ಒಳಗೊಳಗೇ ಗೊತ್ತಿತ್ತು. ಗೊತ್ತಿದ್ದೂ ಪುಸ್ತಕ ನನ್ನ ಕೈಯಲ್ಲೇ ಇಟ್ಟುಕೊಂಡಿದ್ದೆ.

ಆ ಸಂಜೆ ಒಂದು ಹೊಸ ಕಥೆಯನ್ನು ಅರ್ಧ ಓದಿ, ಅತ್ತೆ ಸೊಸೆಯನ್ನು ಹೊರಗೆ ನೂಕಿದ ಜಾಗದಲ್ಲಿ ನಿಲ್ಲಿಸಿ, ಪುಸ್ತಕ ಅವಳ ಕೈಗಿಟ್ಟೆ. "ಮುಂದ ಏನಾತು ಅನ್ನೂದು ನನಗೂ ಗೊತ್ತಿಲ್ಲ. ನೀನ ಓದಿ ಹೇಳಬೇಕ," ಎಂದೆ. ಅರ್ಧ ಪುಟಕ್ಕೆ ಕತ್ತಲಾಯಿತು. ತುಟಿ ಕಚ್ಚಿ ಕುಳಿತೆ. ಶಬ್ದ ತಪ್ಪಿದರೆ ಮಾತ್ರ ಬೆರಳಿಟ್ಟು ತೋರಿಸಿದೆ, ಒಮ್ಮೆಯೂ ಬೈಯಲಿಲ್ಲ. ದಿನಾ ಹೀಗೇ. ಫೆಬ್ರುವರಿಯಲ್ಲಿ ಒಂದು ಪುಟ, ಆಮೇಲೆ ಎರಡು. ಮಾರ್ಚ್‌ನಲ್ಲಿ, "ಪುಸ್ತಕ ಮನಿಗೆ ಒಯ್ಲ್ಯಾ ಅಕ್ಕಾರ?" ಎಂದಳು. ಒಯ್ಯಿ ಎಂದೆ.

ಮರುದಿನ ಸಂಜೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಶಾಲೆಯಲ್ಲಿ ಕಣ್ಣೆದುರಿಗೇ ಇದ್ದಳು, ಆದರೆ ಯಾಕೆ ಬರಲಿಲ್ಲ ಎಂದು ಕೇಳಲು ನನ್ನ ಬಿಂಕ ಬಿಡಲಿಲ್ಲ. ಮಾಡಿಟ್ಟ ರೊಟ್ಟಿ ಒಣಗಿದವು. ಮೂರನೆಯ ಸಂಜೆ ತಡೆಯಲಾರದೆ ಅವಳ ಮನೆಗೆ ಹೋದೆ. ಕಟ್ಟೆಯ ಮೇಲೆ ಅವಳಪ್ಪ ಕಾಲು ಚಾಚಿ ಕುಳಿತಿದ್ದ, ಹುಡುಗಿ ಪುಸ್ತಕ ಹಿಡಿದು ತಡೆತಡೆದು ಓದುತ್ತಿದ್ದಳು.

"ಮುಂದ? ಜಲ್ದಿ ಓದ ಲೇ, ಆ ಸೊಸಿ ಏನಾದ್ಲು?" ಎನ್ನುತ್ತಿದ್ದ ಅವನು.

ತಾಯಿ ನನ್ನನ್ನು ಕಂಡು ಎದ್ದು ಬಂದಳು. "ಬರ್ರಿ ಅಕ್ಕಾರ, ಕುಂಡ್ರಿ. ಒಂಬತ್ತನೇ ಕ್ಲಾಸಿಗೆ ಕಳಸ್ತೇನಿ ಅಂದಾನ್ರಿ ಅವರಪ್ಪ!"

ಕುಳಿತುಕೊಳ್ಳಲಿಲ್ಲ. ಕೆಲಸವಿದೆ ಎಂದು ಸುಳ್ಳು ಹೇಳಿ ಹೊರಟೆ. ಹುಡುಗಿ ಓಣಿಯ ತಿರುವಿನವರೆಗೂ ನನ್ನ ಜೊತೆ ಬಂದಳು. ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ: "ದೀಪಾವಳ್ಯಾಗ ಒಮ್ಮೆ ನಾ ಓದ್ಲ್ಯಾ ಅಂದಿದ್ದಿ. ಆಮ್ಯಾಲ ಯಾಕ ಕೇಳಲಿಲ್ಲವಾ?"

ಅವಳು ಕಾಲ ಹೆಬ್ಬೆರಳಿನಿಂದ ಮಣ್ಣು ಕೆದರಿದಳು.

"ನಾ ಓದಾಕ ಕಲತ್ರ ನಿಮ್ಮ ಮನಿಗೆ ಯಾರ ಬರ್ತಾರ್ರಿ ಅಕ್ಕಾರ?"

ಅವಳ ತಲೆ ಸವರಿ, "ಹೋಗವಾ, ನಿಮ್ಮಪ್ಪ ಕಾಯಾಕ ಹತ್ಯಾನ," ಎಂದು ಕಳಿಸಿದೆ.