ಎತ್ತದೆ ಹೋದ ಪದ

ಕಪಾಟು ಖಾಲಿ ಮಾಡುವಾಗ ಹಳೆಯ ಅರಬಿ ಪತ್ರಿಕೆಯಲ್ಲಿ ಸುತ್ತಿಟ್ಟಿದ್ದ ತಾಳದ ಜೋಡಿ ಸಿಕ್ಕಿತು. ಕಂಚಿಗೆ ಹಸಿರು ಹತ್ತಿತ್ತು. ಎದುರು ಫ್ಲ್ಯಾಟಿನ ಅಣ್ಣ ನೆನಪಾದರು... ದುಃಖವೇನೂ ಆಗಲಿಲ್ಲ. ನೆನಪಾದರು, ಅಷ್ಟೆ.

ತೊಂಬತ್ತರ ದಶಕದಲ್ಲಿ ನಾವು ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿ ಇದ್ದೆವು. ಅಣ್ಣ ಒಂದು ಕಂಪನಿಯಲ್ಲಿ ಎ.ಸಿ. ಮೆಕ್ಯಾನಿಕ್. ಶುಕ್ರವಾರ ರಜೆ. ಮಧ್ಯಾಹ್ನದ ಊಟ ಮುಗಿಸಿ ಊರಿನವರು ಹತ್ತು ಮಂದಿ ನಮ್ಮಲ್ಲಿ ಸೇರಿ ತಾಳಮದ್ದಳೆ ಮಾಡುತ್ತಿದ್ದೆವು. ವೇಷವಿಲ್ಲ, ಕುಣಿತವಿಲ್ಲ. ನಾನು ಭಾಗವತ, ಪದ ಹಾಡುವವನು; ಉಳಿದವರು ಪಾತ್ರವಾಗಿ ಕೂತು ವಾದಿಸುವವರು. ವಾದ ಎಷ್ಟೇ ಏರಲಿ, ಭಾಗವತ ಮುಂದಿನ ಪದ ಎತ್ತಿದರೆ ಬಾಯಿ ಮುಚ್ಚಲೇಬೇಕು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದವರು ತಾಳಮದ್ದಳೆ ನೋಡಿರಲಿಕ್ಕಿಲ್ಲ.

ಆ ಶುಕ್ರವಾರದ ಕಥೆ ಹಿಂದಿನ ಕಾಲದ ತುಳುನಾಡಿನ ಎರಡು ಅರಸು ಮನೆತನಗಳದ್ದು. ಮಕ್ಕಳಿಲ್ಲದೆ ಅರಸ ಸತ್ತಿದ್ದಾನೆ. ಗದ್ದುಗೆಗಾಗಿ ಎರಡೂ ಮನೆಯವರು ಕತ್ತಿ ಹಿರಿದಿದ್ದಾರೆ. ಕೊನೆಗೆ ಕಿರಿಯ ಮನೆತನದವನು ಸೋತು ಮುದ್ರೆಯುಂಗುರ ಒಪ್ಪಿಸಬೇಕು. ಅದು ಅಣ್ಣನ ಪಾತ್ರ. ಸೋಲುವ ಪಾತ್ರ ಯಾವಾಗಲೂ ಅವರಿಗೇ. ಗೆಲ್ಲುವ ಹಿರಿಯ ಮನೆತನಕ್ಕೆ ಕೂತದ್ದು ಅವರದೇ ಕಂಪನಿಯ ಮ್ಯಾನೇಜರ್.

ಅಣ್ಣ ಸೋಲಲಿಲ್ಲ.

“ಕೋಟೆ ಕಟ್ಟಿದವರು ನಮ್ಮವರು, ಬಾವಿ ತೋಡಿದವರು ನಮ್ಮವರು. ಕೂರುವುದಕ್ಕೆ ಮಾತ್ರ ನೀವೋ?”

ಕೂತವರೆಲ್ಲ ಹೋ ಎಂದರು. ಮ್ಯಾನೇಜರ್ ತಡವರಿಸಿ ನನ್ನ ಕಡೆ ನೋಡಿದರು. ಪದ ಎತ್ತು ಎಂಬ ನೋಟ ಅದು, ನನಗೆ ಗೊತ್ತಾಯಿತು. ತಾಳ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತೆ. ಅರ್ಧ ಗಂಟೆ ಅಣ್ಣ ಅವರ ನೀರಿಳಿಸಿದರು. ಕೊನೆಗೆ, “ಖಲಾಸ್ ಮಾರಾಯ್ರೆ, ಗದ್ದುಗೆ ನೀವೇ ಇಟ್ಕೊಳ್ಳಿ” ಎಂದು ಮ್ಯಾನೇಜರ್ ಎದ್ದು ಚಪ್ಪಲಿ ಮೆಟ್ಟಿದರು. ಚಹಾ ಕುಡಿಯಲಿಲ್ಲ.

ಎರಡು ತಿಂಗಳಿಗೆ ಅಣ್ಣನ ವೀಸಾ ಮುಗಿಯಿತು. ಕಂಪನಿ ನವೀಕರಿಸಲಿಲ್ಲ. ಊರಿನಲ್ಲಿ ಮಗಳ ಮದುವೆ ನಿಶ್ಚಯವಾಗಿತ್ತು. ಅದು ಮುಂದೆ ಹೋಯಿತು, ಆಮೇಲೆ ನಿಂತೇ ಹೋಯಿತಂತೆ...

ಏರ್‌ಪೋರ್ಟಿಗೆ ನಾನೇ ಬಿಟ್ಟುಬಂದೆ. ಕಾರಿನಲ್ಲಿ ಅವರು ಒಮ್ಮೆ ಮಾತ್ರ ಬಾಯಿ ತೆರೆದರು.

“ಭಾಗವತರೇ, ನೀವು ಪದ ಎತ್ತಬಹುದಿತ್ತಲ್ಲ?”

“ಪಾಸ್‌ಪೋರ್ಟ್ ಇಟ್ಕೊಂಡ್ರಾ?” ಎಂದೆ.

ಈಗ ನಮ್ಮ ಮನೆ ದೋಹಾದ ಪಕ್ಕದ ಹೊಸ ಊರು ಲುಸೈಲ್‌ಗೆ ಬದಲಾಗುತ್ತಿದೆ. ಅಣ್ಣ ತೀರಿಕೊಂಡು ನಾಲ್ಕು ವರ್ಷವಾಯಿತು. ಸುದ್ದಿ ಬಂದ ದಿನ ನಾನು ಊಟ ಮುಗಿಸಿಯೇ ಎದ್ದಿದ್ದೆ. ಆ ಶುಕ್ರವಾರದಷ್ಟು ಚೆನ್ನಾಗಿ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ, ಇನ್ನಷ್ಟು ಕೇಳಬೇಕೆನಿಸಿತು, ಅದಕ್ಕೇ ಪದ ಎತ್ತಲಿಲ್ಲ. ಇಷ್ಟನ್ನು ಅಂದು ಕಾರಿನಲ್ಲಿ ಹೇಳಿದ್ದರೆ ಅವರಿಗೆ ಸ್ವಲ್ಪವಾದರೂ ಸಮಾಧಾನವಾಗುತ್ತಿತ್ತೇನೋ... ಹೇಳಲಿಲ್ಲ. ಈಗ ಅಣ್ಣ ಇಲ್ಲ.